ದಿವಾನದ ಜಾಗ

ಪಕ್ಕದಲ್ಲಿ ಕೂತವರ ಮನಸ್ಸಿನ ಬಣ್ಣವನ್ನು ಗೋಡೆಗಳು ತಾಳತೊಡಗಿದ ಮೇಲೆ ಗದಗಿನಲ್ಲಿ ಯಾರೂ ಮನೆಗೆ ಸುಣ್ಣಬಣ್ಣ ಮಾಡಿಸುತ್ತಿರಲಿಲ್ಲ. ಬೇಡದ ಬಣ್ಣ ಮೂಡಿದರೆ ಕುರ್ಚಿ, ಮಂಚ ಸರಿಸಿ ನೋಡುವುದೇ ರೂಢಿ. ನೀಲವ್ವನ ಮನೆಯಲ್ಲಿ ಹೊಸ ಸೊಸೆ ದಾನೇಶ್ವರಿ ಕೂರುವ ದಿವಾನದ ಹಿಂದೆ ಮಾತ್ರ ಗೋಡೆ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ನಾಳೆ ಬೀಗರು ಬರುವವರು; ಕಂಡರೆ ಏನೆಂದುಕೊಂಡಾರು?

“ಏನಾತವಾ?” ಎಂದು ಕೇಳಿದರೆ ಸೊಸೆ, “ಏನಿಲ್ರಿ ಅತ್ತಿ” ಎನ್ನುತ್ತಾಳೆ.

ನೀಲವ್ವ ದಿವಾನವನ್ನು ದೇವರ ಕೋಣೆಯ ಪಕ್ಕಕ್ಕೆ ಎಳೆದಳು, ಟಿವಿಯ ಎದುರಿಗೆ ಎಳೆದಳು. ಬೂದಿ ಬಿಡಲಿಲ್ಲ. ಕೊನೆಗೆ ಕಿಟಕಿಯ ಬಳಿ ಹಾಕಿ ಸೊಸೆಯನ್ನು ಕೂರಿಸಿದಾಗ ಗೋಡೆಯ ಮೇಲೆ ಸೇವಂತಿಗೆಯ ಹಳದಿ ಹರಡಿತು. ಇಲ್ಲೇನಿದೆಯಪ್ಪಾ ಎಂದು ನೀಲವ್ವ ಹೊರಗೆ ಬಗ್ಗಿ ನೋಡಿದಳು. ಎದುರಿನ ಮೈದಾನದಲ್ಲಿ ಹುಡುಗಿಯರು ವಾಲಿಬಾಲ್ ಆಡುತ್ತಿದ್ದರು.

“ನಿನಗೂ ಆಡಾಕ ಬರತೈತೇನು?”

“ಕಾಲೇಜಿನ್ಯಾಗ ಕ್ಯಾಪ್ಟನ್ ಇದ್ದೆರಿ,” ಎಂದಳು ದಾನೇಶ್ವರಿ ಮೆಲ್ಲಗೆ.

“ಮತ್ತ ಇಲ್ಲ್ಯಾಕ ಕುಂತಿ? ಏಳು, ಹೋಗು. ರೊಟ್ಟಿ ನಾ ಬಡೀತೀನಿ.”

ಮರುದಿನ ಬೀಗರು ಚಹಾ ಕುಡಿಯುತ್ತಿರುವಾಗ ದಾನೇಶ್ವರಿ ಮೈದಾನದಿಂದ ಧೂಳು ಮೆತ್ತಿಕೊಂಡೇ ಒಳಬಂದಳು. ಅವಳು ದಾಟಿದ ಗೋಡೆಗಳೆಲ್ಲ ಒಂದೊಂದಾಗಿ ಹಳದಿಯಾದವು. ಇನ್ನು ದಿವಾನವನ್ನು ಎಲ್ಲಿ ಹಾಕಿದರೂ ನಡೆಯುತ್ತದೆಂದು ನೀಲವ್ವನಿಗೆ ಗೊತ್ತಾಯಿತು.