ಈಗ ಸರಿಯಾಯ್ತಾ?

ಆ ಕಚೇರಿಯಲ್ಲಿ ತಮ್ಮ ಕಂಪ್ಯೂಟರಿನ ಸೆಟ್ಟಿಂಗನ್ನು ಮುಟ್ಟುವ ಅಧಿಕಾರ ಯಾರಿಗೂ ಇರಲಿಲ್ಲ. ಎಲ್ಲ ಕಂಪ್ಯೂಟರುಗಳ ಲಗಾಮೂ ಉಮಾಪತಿಯ ಕೈಯಲ್ಲಿತ್ತು.

ಮ್ಯಾನೇಜರ್ ಮೇಡಂ ಒಳಗಿನಿಂದ ಫೋನ್ ಮಾಡಿದರು. "ಉಮಾಪತಿ, ನನ್ ಸ್ಕ್ರೀನಲ್ಲಿ ಅಕ್ಷರ ತೀರಾ ಸಣ್ಣಕ್ಕೆ ಕಾಣ್ತಿದೆ. ಸ್ವಲ್ಪ ದೊಡ್ಡದು ಮಾಡ್ರಿ."

ಉಮಾಪತಿ ಫೋನಿಗೆ ಕೇಳಿಸುವ ಹಾಗೆ ಕೀಬೋರ್ಡನ್ನು ಸುಮ್ಮನೆ ಟಕಟಕ ಕುಟ್ಟಿದ. ಬದಲಿಸಿದ್ದು ಏನೂ ಇಲ್ಲ. "ಮಾಡ್ದೆ ಮೇಡಂ. ಈಗ ಸರಿಯಾಯ್ತಾ?"

"ಆಹಾ, ಇನ್ಮೇಲೆ ಕನ್ನಡಕಾನೇ ಬೇಡ!"

ಎಲ್ಲರ ದೂರನ್ನೂ ಅವನು ಬಗೆಹರಿಸುತ್ತಿದ್ದದ್ದು ಹೀಗೆಯೇ. ಎಂಥ ಪೆದ್ದು ಜನ ಎಂದು ಒಳಗೊಳಗೇ ನಕ್ಕ.

ಮಧ್ಯಾಹ್ನ ಸೆಕೆ ತಡೆಯಲಾಗಲಿಲ್ಲ. ಏಸಿಯ ರಿಮೋಟ್ ಇರುತ್ತಿದ್ದದ್ದು ಮೇಡಂ ಹತ್ತಿರ.

"ಮೇಡಂ, ಇಲ್ಲಿ ಬೆಂದು ಹೋಗ್ತಿದೀನಿ. ಏಸಿ ಸ್ವಲ್ಪ ಜಾಸ್ತಿ ಮಾಡಿ."

ಮೇಡಂ ಎದ್ದು ಬಂದು, ಅವನ ತಲೆಯ ಮೇಲಿದ್ದ ಏಸಿಯತ್ತ ರಿಮೋಟ್ ಹಿಡಿದು ಗುಂಡಿ ಒತ್ತಿದರು. "ಈಗ ಸರಿಯಾಯ್ತಾ?"

ಉಮಾಪತಿ ಕಣ್ಣು ಮುಚ್ಚಿ ಮುಖವನ್ನು ಮೇಲೆತ್ತಿದ. "ಆಹಾ, ಈಗ ಜೀವ ಬಂತು ಮೇಡಂ!"

ಮೇಡಂ ರಿಮೋಟನ್ನು ಅವನ ಮೇಜಿನ ಮೇಲಿಟ್ಟರು.

"ಇದರ ಸೆಲ್ ಮುಗಿದು ತಿಂಗಳಾಯ್ತು, ಹೊಸದು ಹಾಕ್ಸಿ. ಹಾಗೇ ನನ್ ಅಕ್ಷರಾನೂ ಈ ಸಲ ನಿಜವಾಗ್ಲೂ ದೊಡ್ಡದು ಮಾಡಿ."