ದತ್ತೂರಿಯ ಮದ್ದು

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟದ್ದು ೧೯೮೯ರಲ್ಲಿ. ಜೀಡಿಮೆಟ್ಲಾದ ಕಾರ್ಖಾನೆಗಳ ಗೋಡೆಬದಿ ದತ್ತೂರಿ ಎಲೆಯ ಕಮಟು ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ಎದುರು ನಿಲ್ಲುತ್ತದೆ.

ಕೀಟನಾಶಕದ ಡ್ರಮ್ಮು ತೊಳೆಯುತ್ತಿದ್ದ ಅಪ್ಪ ವಿಷವೇರಿ ಆಸ್ಪತ್ರೆ ಸೇರಿದ್ದ. ಇಂಜೆಕ್ಷನ್ ಕೊಟ್ಟ ಮೇಲೆ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾ ಬಡಬಡಿಸತೊಡಗಿದ.

"ಹುಚ್ಚ ಹಿಡೀತಲ್ರಿ ಇವರಿಗೆ!" ಎಂದು ಅವ್ವ ಅತ್ತಳು.

"ದತ್ತೂರಿ ಒಳಗಿನ ವಿಷಾನ ಈ ಮದ್ದು, ಅಕ್ಕಾ. ಛಲೋ ತಲಿ ಕೆಡಸ್ತೈತಿ, ವಿಷ ಏರಿದ ತಲಿ ಉಳಸ್ತೈತಿ. ಬಡಬಡಸ್ಲಿ ಬಿಡ್ರಿ, ಮದ್ದು ಹತ್ತೈತಿ ಅಂತ ತಿಳೀರಿ; ಅದು ಇಳಿದ್ರ ವಿಷ ಮತ್ತ ಏರ್ತೈತಿ," ಎಂದಳು ಬೀದರಿನ ನರ್ಸಮ್ಮ.

ಅಪ್ಪ ನನ್ನ ಕೈ ಹಿಡಿದ. "ಮಾಸ್ತರ್ರ, ನನ್ನ ಮಗನ್ನ ಸಾಲಿ ಬಿಡಿಸಬ್ಯಾಡ್ರಿ."

"ಇಲ್ರಿ," ಎಂದೆ.

ಸಂಜೆಗೆ ಮಾತು ನಿಂತಿತು. "ಹುಚ್ಚ ಇಳೀತು ನೋಡು," ಎಂದು ಅವ್ವ ನಕ್ಕು ಚಹಾ ತರಲು ಹೋದಳು. ಬರುವಷ್ಟರಲ್ಲಿ ಅಪ್ಪನ ಉಸಿರೂ ನಿಂತಿತ್ತು.

ಸಾಲಿ ಬಿಟ್ಟ ನನಗೆ ಈಗ ಎರಡು ಲಾರಿ, ಒಂದು ಸ್ವಂತ ಮನೆ, ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು.