ಅಪ್ಪನ ಕೀ ಇಲ್ಲದ ವಾಚು

ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನ ವಾಚ್ ರಿಪೇರಿ ಅಂಗಡಿಯ ಪೆಟ್ರೋಲ್ ವಾಸನೆಗೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನದು ಕೀ ಕೊಡಬೇಕಿಲ್ಲದ ವಾಚು. ಕೈಯ ಅಲುಗಾಟಕ್ಕೇ ಓಡುತ್ತಿತ್ತು. ಅಪ್ಪ ತೀರಿಕೊಂಡ ವಾರದಲ್ಲೇ ದೊಡ್ಡಪ್ಪ ಅದನ್ನು ಕಟ್ಟಿಕೊಂಡಿದ್ದರು.

"ಬೀರುನಲ್ಲಿಟ್ರೆ ನಿಂತೋಯ್ತದೆ ಕಣವ್ವ. ಮಗು ದೊಡ್ಡದಾಗಗಂಟ ನಾನು ಓಡಿಸ್ತಿರ್ತೀನಿ ಬುಡು" ಎಂದು ಅಮ್ಮನಿಗೆ ಹೇಳಿದ್ದರು.

ಆ ಮಧ್ಯಾಹ್ನ ಅವರು ವಾಚನ್ನು ಸರ್ವೀಸ್ ಮಾಡಿಸಿಕೊಂಡು ನಮ್ಮ ಮನೆಗೆ ಬಂದರು. ನನಗಾಗ ಎಂಟೋ ಒಂಬತ್ತೋ ವರ್ಷ. ಇನ್ನೂ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದ ವಾಚನ್ನು ನನ್ನ ಕಿವಿಗೆ ಹಿಡಿದು, "ಎಂಗೆ ಓಡ್ತದೆ ನೋಡವ್ವ" ಎಂದರು. ಅಪ್ಪ ಎತ್ತಿಕೊಂಡಾಗ ಕೇಳುತ್ತಿದ್ದ ಸದ್ದೇ ಅದು. ಹಾಗೆಂದು ಆಮೇಲೆ ನಾನೇ ನೆನಪಿಗೆ ಸೇರಿಸಿಕೊಂಡೆನೋ ಏನೋ.

ಕಾಫಿ ತಂದ ಅಮ್ಮ ಕೇಳಿದಳು: "ಪಟ್ಟಿ ಹೊಸದಾ ಭಾವ?"

"ಊಂ. ಅವನ ಬೆವರು ಕುಡ್ದು ನಾರ್ತಿತ್ತು, ಎಸ್ದ್ಬುಟ್ಟೆ."

ಅಮ್ಮ ಕಾಫಿ ಲೋಟ ಅವರ ಮುಂದಿಟ್ಟು, "ಟೈಮೆಷ್ಟಾಯ್ತು?" ಎಂದಳು.

"ಮೂರೂಕಾಲು" ಎಂದು ದೊಡ್ಡಪ್ಪ ಅಂಗಿಯ ತೋಳನ್ನು ವಾಚಿನ ಮೇಲೆ ಎಳೆದುಕೊಂಡರು.

ಅಮ್ಮನ ಎದುರಿನ ಗೋಡೆಯಲ್ಲೇ ಗಡಿಯಾರವಿತ್ತು. ಅದು ನಿಂತಿತ್ತೇನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇಲ್ಲ, ಓಡುತ್ತಿತ್ತು. ಆಮೇಲೂ ದೊಡ್ಡಪ್ಪ ಬಂದಾಗಲೆಲ್ಲ ಅಮ್ಮ ಅವರನ್ನೇ ಟೈಮು ಕೇಳುತ್ತಿದ್ದಳು. ಅವರು ಪ್ರತಿ ಸಲವೂ ಅಪ್ಪನ ವಾಚು ನೋಡಿ ಸರಿಯಾಗಿಯೇ ಹೇಳುತ್ತಿದ್ದರು.